ಸರ್ಕಾರಕ್ಕೆ ಕೊಟ್ಟ ಒಳ್ಳೆಯ ಮಣ್ಣು

ನನ್ನ ಸೋದರತ್ತೆಯ ಮನೆಯಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಬಂದವರು ಜಗಲಿಯ ಮೇಲೆ ಕೂರುತ್ತಿದ್ದರು, ಎಲೆ ಅಡಿಕೆ ಹಾಕುತ್ತಿದ್ದರು, ಊರ ಸುದ್ದಿಯನ್ನೆಲ್ಲ ಹರವುತ್ತಿದ್ದರು. ಅತ್ತೆ ಲೋಟದಲ್ಲಿ ನೀರು, ಪಕ್ಕದಲ್ಲೊಂದು ಬೆಲ್ಲದ ಚೂರು ಇಟ್ಟು ತಂದರೆ ಮಾತ್ರ, ಯಾರೋ ಹೇಳಿಕೊಟ್ಟ ಹಾಗೆ ಎಲ್ಲರದ್ದೂ ಒಂದೇ ಮಾತು: ಈಗ ತಾನೆ ಕುಡಿದು ಬಂದೆ. ಮೀನಂಗಡಿ ಎನ್ನುವ ಊರಿನಿಂದ ಉರಿಬಿಸಿಲಲ್ಲಿ ನಡೆದು ಬಂದು ಮಾತಾಡಲು ನಾಲಿಗೆ ಏಳದವರೂ ಈಗ ತಾನೆ ಕುಡಿದು ಬಂದವರೇ. ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಲೋಟವನ್ನು ಮೆಲ್ಲಗೆ ಗೋಡೆಯ ಕಡೆ ಸರಿಸಿಬಿಡುತ್ತಿದ್ದರು.

ಇದಕ್ಕೆಲ್ಲ ಕಾರಣ ಪಕ್ಕದ ಕೀಲು ಡಿಪೋ. ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿದು ಗದ್ದೆ ಶುರುವಾಗುವ ಕಡೆ ಅತ್ತೆಯ ಮನೆ ಇತ್ತು. ಅವಳ ಬೇಲಿಗೆ ಅಂಟಿಕೊಂಡೇ, ಕರೆಂಟು ಕಂಬಕ್ಕೆ ಬೇಕಾದ ಮರಗಳನ್ನು ಗೆದ್ದಲು ಹಿಡಿಯದಂತೆ ಕೀಲು ಎನ್ನುವ ಕರಿ ಎಣ್ಣೆಯಲ್ಲಿ ಅದ್ದುವ ಒಂದು ಕಾರ್ಖಾನೆ ನಡೆಯುತ್ತಿತ್ತಂತೆ. ಕಾರ್ಖಾನೆ ಎಂದರೆ ಒಂದು ತಗಡಿನ ಮಾಡು, ಕೆಲವು ತೊಟ್ಟಿಗಳು, ಒಂದು ಹೊಗೆ ಕೊಳವೆ. ನಾನು ಕಾಲೇಜು ಓದಲೆಂದು ಅತ್ತೆಯ ಮನೆಗೆ ಬಂದು ಸೇರುವ ಹೊತ್ತಿಗೆ ಅದು ಮುಚ್ಚಿ ಬಹಳ ಕಾಲವಾಗಿತ್ತು. ಧಣಿ ಎಲ್ಲಿಗೋ ಹೋಗಿದ್ದ, ತಗಡನ್ನು ಯಾರು ಯಾರೋ ಹೊತ್ತುಕೊಂಡು ಹೋಗಿದ್ದರು. ಎಣ್ಣೆ ಮಾತ್ರ ಎಲ್ಲಿಗೂ ಹೋಗದೆ ಮಣ್ಣಿಗೆ ಇಳಿದು, ಮಳೆಗಾಲ ಬಂದರೆ ಮೆಲ್ಲಗೆ ಅತ್ತೆಯ ಬಾವಿಗೆ ಬರುತ್ತಿತ್ತು. ಬಿಂದಿಗೆಯನ್ನು ಮೇಲೆಳೆದರೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಆ ನೀರನ್ನು ದನ ಕೂಡ ಮೂಸಿ ಮುಖ ತಿರುಗಿಸುತ್ತಿತ್ತು.

ನೀರು ಕೆಟ್ಟಿದ್ದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಕುಡಿಯುವ ನೀರನ್ನು ಅತ್ತೆ ಬಾವಿಯಿಂದ ತೆಗೆಯುತ್ತಲೇ ಇರಲಿಲ್ಲ. ಬೆಳಿಗ್ಗೆ ಸಂಜೆ ರಸ್ತೆ ದಾಟಿ, ಇಳಿಜಾರು ಇಳಿದು, ಆಚೆ ಮನೆಯವರ ಬಾವಿಯಿಂದ ಸೊಂಟದ ಮೇಲೆ ಹೊತ್ತು ತರುತ್ತಿದ್ದಳು. ಬಂದವರಿಗೆ ಕೊಡುತ್ತಿದ್ದುದು ಆ ನೀರನ್ನೇ. ಒಳ್ಳೆಯ ತಣ್ಣಗಿನ ನೀರು. ಆದರೆ ಮನೆಗೆ ಬಿದ್ದ ಹೆಸರು ಬಿದ್ದೇ ಬಿಟ್ಟಿತ್ತು. ಇದು ಬೇರೆ ಬಾವಿಯದು ಎಂದು ಹೇಳಿದರೂ ಜನ ಹೌದೌದು ಎಂದು ತಲೆಯಾಡಿಸಿ, ಈಗ ತಾನೆ ಕುಡಿದು ಬಂದೆ ಎನ್ನುತ್ತಿದ್ದರು. ಅವಳ ಸ್ವಂತ ಅಣ್ಣ, ಅಂದರೆ ನನ್ನ ಅಪ್ಪ, ನಮ್ಮೂರು ಮರಕ್ಕಡವಿನಿಂದ ನನ್ನನ್ನು ನೋಡಲು ಬರುವಾಗ ಚೀಲದಲ್ಲಿ ಒಂದು ಬಾಟಲಿ ನೀರು ತರುತ್ತಿದ್ದರು. ಅದನ್ನು ಹಿತ್ತಲಿಗೆ ಹೋಗಿ ಕುಡಿಯುತ್ತಿದ್ದರು. ಅತ್ತೆ ಅದನ್ನು ಒಮ್ಮೆ ಕಂಡಳು. ಆವತ್ತು ಅವಳು ಊಟ ಮಾಡಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ತನ್ನ ಮನೆಯಲ್ಲಿ ಒಬ್ಬರು ಮನಸಾರೆ ನೀರು ಕುಡಿಯಬೇಕು. ಅದಕ್ಕೆ ಪೇಟೆಯ ಪೈಪಿನ ನೀರು ಅಂಗಳಕ್ಕೇ ಬರಬೇಕು, ಎಲ್ಲರ ಕಣ್ಣೆದುರು ನಲ್ಲಿಯಿಂದ ಬೀಳಬೇಕು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಅದೇ ಸುಮಾರಿಗೆ ನಮ್ಮ ವಯನಾಡು ಜಿಲ್ಲೆಯಾಯಿತು. ಅದುವರೆಗೆ ಅರ್ಧ ಕೋಳಿಕ್ಕೋಡಿಗೂ ಅರ್ಧ ಕಣ್ಣೂರಿಗೂ ಸೇರಿಕೊಂಡು, ಎರಡು ಮನೆಯ ನೆಂಟ ಎರಡೂ ಕಡೆ ಊಟ ತಪ್ಪಿಸಿಕೊಂಡ ಹಾಗೆ ಇದ್ದ ಸೀಮೆ ಇದು. ಈಗ ಕಲ್ಪೆಟ್ಟದಲ್ಲಿ ಕಚೇರಿಗಳು ಹುಟ್ಟಿದವು. ಬಾಡಿಗೆ ಕೋಣೆ, ಸಾಲದ ಕುರ್ಚಿ, ಬಣ್ಣ ಒಣಗದ ಬೋರ್ಡು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗೆ ಅಧಿಕಾರಿಗಳು ಜೀಪು ಹತ್ತಿ ಎಲ್ಲ ಕಡೆ ಓಡಾಡುತ್ತಿದ್ದರು. ಆಗ ಮೇಲಿನಿಂದ ಒಂದು ಹಣ ಬಂತು. ಮುಚ್ಚಿಹೋದ ಕಾರ್ಖಾನೆಗಳ ನೆಲ ವಿಷವಾಗಿದೆಯೇ ಎಂದು ಪರೀಕ್ಷೆ ಮಾಡಿಸಲು ಎಲ್ಲ ಜಿಲ್ಲೆಗಳಿಗೂ ಸಮನಾಗಿ ಹಂಚಿದ ಹಣ. ಹೊಗೆ ಕೊಳವೆಗಳೇ ತುಂಬಿದ ಪಟ್ಟಣಗಳಿಗೆ ಎಷ್ಟೋ, ಕಾಫಿ ಮೆಣಸು ಬೆಳೆಯುವ ನಮಗೂ ಅಷ್ಟೇ.

ಕಾರ್ಖಾನೆಯೇ ಇಲ್ಲದ ಜಿಲ್ಲೆಯಲ್ಲಿ ಕೆಟ್ಟ ಕಾರ್ಖಾನೆ ನೆಲವನ್ನು ಎಲ್ಲಿಂದ ತರುವುದು? ಹಣ ವಾಪಸು ಹೋದರೆ ಹೊಸ ಜಿಲ್ಲೆಗೆ ಅವಮಾನ. ಈ ಕೆಲಸ ಹೊತ್ತ ಅಧಿಕಾರಿ ಒಂದು ಮುಚ್ಚಿದ ಅಕ್ಕಿ ಮಿಲ್ಲನ್ನು ನೋಡಿದರಂತೆ, ಅಲ್ಲಿ ಹೊಟ್ಟಿನ ಹೊರತು ಏನೂ ಇರಲಿಲ್ಲ. ಒಂದು ಬ್ರೆಡ್ಡಿನ ಒಲೆಯನ್ನೂ ನೋಡಿದರಂತೆ. ಕೊನೆಗೆ ಯಾರೋ ಕೀಲು ಡಿಪೋದ ಸುದ್ದಿ ಹೇಳಿದಾಗ ಆ ಅಧಿಕಾರಿ ಎದ್ದು ನಿಂತು ಕೈ ಕುಲುಕಿದರಂತೆ. ಇದನ್ನೆಲ್ಲ ನಮಗೆ ಹೇಳಿದವರು ಆ ಅಧಿಕಾರಿಯೇ. ಸಮುದ್ರದ ಕಡೆಯವರು, ತೆಳ್ಳಗೆ ಉದ್ದಕ್ಕೆ ಇದ್ದರು, ಮಾತು ಮೆತ್ತಗೆ, ಬೂಟು ಹೊಸದು.

ಅವರು ಬಂದದ್ದು ಮಳೆಗಾಲದಲ್ಲಿ. ಡಿಪೋದ ತುಂಬ ಲಂಟಾನ ಬೆಳೆದು, ಕೆಳಗೆ ಜಿಗಣೆ ತುಂಬಿತ್ತು. ಬೇಲಿಯ ಹತ್ತಿರ ನಿಂತು ಒಳಗೆ ಇಣುಕಿದವರು ಬೂಟನ್ನು ನೋಡಿಕೊಂಡು ನಮ್ಮ ಜಗಲಿಗೆ ಬಂದು ಕೂತರು. ಅತ್ತೆಗೆ ಮಲೆಯಾಳ ನನಗಿಂತ ಚೆನ್ನಾಗಿ ಬರುತ್ತಿತ್ತು, ಸಂತೆಯಲ್ಲಿ ಚೌಕಾಸಿ ಮಾಡುವುದೆಲ್ಲ ಅದರಲ್ಲೇ. ಆದರೆ ಕಚೇರಿಯವರೆದುರು ಅವಳು ಕನ್ನಡ ಬಿಟ್ಟು ಒಂದಕ್ಷರ ಆಡುತ್ತಿರಲಿಲ್ಲ. ನಡುವೆ ಒಬ್ಬರು ಹೇಳುವವರಿದ್ದರೆ ಯೋಚನೆ ಮಾಡಲು ಸಮಯ ಸಿಗುತ್ತದೆ ಎನ್ನುವುದು ಅವಳ ಲೆಕ್ಕ. ಹಾಗಾಗಿ ನಾನು ನಡುವೆ ಕೂತೆ. ಅಧಿಕಾರಿ ಹೇಳಿದ್ದು ಇದು. ಸರ್ಕಾರ ಜೀಪಿಗೆ ಹಣ ಕೊಟ್ಟಿದೆ, ಪರೀಕ್ಷೆಗೆ ಕೊಟ್ಟಿದೆ, ವರದಿ ಟೈಪು ಮಾಡಿಸಲೂ ಕೊಟ್ಟಿದೆ. ಮಣ್ಣು ಅಗೆಯುವ ಆಳಿಗೆ ಕೊಡುವುದನ್ನು ಮಾತ್ರ ಯಾರೂ ನೆನೆಸಿಕೊಂಡಿಲ್ಲ. ಆದ್ದರಿಂದ ನೀವೇ ಡಿಪೋದ ಮಣ್ಣನ್ನು ಈ ಬಟ್ಟೆ ಚೀಲಗಳಿಗೆ ತುಂಬಿಡಿ, ಮುಂದಿನ ವಾರ ಒಯ್ಯುತ್ತೇನೆ. ಮಣ್ಣು ಕೆಟ್ಟಿದೆ ಎಂದು ವರದಿ ಬಂದರೆ ಪೇಟೆಯ ನೀರಿನ ಪೈಪನ್ನು ನಿಮ್ಮ ಅಂಗಳದವರೆಗೆ ಎಳೆಸುವುದು ನನ್ನ ಜವಾಬ್ದಾರಿ.

ನಾನು ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅತ್ತೆಯ ಮುಖ ಅರಳಿತು. ಅಧಿಕಾರಿ ಮಣ್ಣು ಎಲ್ಲಿಯದೆಂದು ಗುರುತಿಗೆ ಪ್ರತಿಯೊಂದು ಚೀಲದ ಮೇಲೂ ನಮ್ಮ ಮನೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದರು. ನಮ್ಮ ಕಡೆ ಮನುಷ್ಯರ ಹೆಸರಿಗಿಂತ ಮನೆ ಹೆಸರು ದೊಡ್ಡದು, ಯಾರೇ ಸಿಕ್ಕಿದರೂ ಮೊದಲು ಕೇಳುವುದು ಯಾವ ಮನೆ ಎಂದೇ. ಅತ್ತೆ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನೀರು ಬೆಲ್ಲ ತಂದಳು. ಅಧಿಕಾರಿ ಬೆಲ್ಲ ತಿಂದು, ಡಿಪೋದ ಕಡೆಗೊಮ್ಮೆ ಬಾವಿಯ ಕಡೆಗೊಮ್ಮೆ ನೋಡಿ, ಈಗ ತಾನೆ ಕುಡಿದು ಬಂದೆ ಎಂದು ಮಲೆಯಾಳದಲ್ಲಿ ಹೇಳಿದರು. ಅದನ್ನು ನಾನು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ.

ಆ ವಾರ ನಾನು ಮರಕ್ಕಡವಿಗೆ ಹೋಗಿದ್ದೆ. ವಾಪಸು ಬಂದಾಗ ಚೀಲಗಳು ಜಗಲಿಯ ಮೇಲೆ ಸಾಲಾಗಿ ಕೂತಿದ್ದವು. ಬಾಯಿ ಹೊಲಿದು, ಮೂಲೆ ತಿರುಚಿ, ನೆಂಟರ ಮನೆಗೆ ಅಕ್ಕಿ ಕಳಿಸುವಾಗ ಕಟ್ಟುವ ಹಾಗೆ ಕಟ್ಟಿದ್ದಳು. ನನಗೆ ಅಷ್ಟಕ್ಕೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಜೀಪು ಬಂದು ಚೀಲಗಳನ್ನು ಒಯ್ದಿತು.

ವರದಿ ಬಂದ ದಿನ ಅಧಿಕಾರಿ ಲಡ್ಡುವಿನ ಪೊಟ್ಟಣದ ಜೊತೆ ಬಂದರು. ಸಿಹಿ ಹಿಡಿದುಕೊಂಡು ಕೆಟ್ಟ ಮಣ್ಣಿನ ಸುದ್ದಿ ತರುವ ಮನುಷ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರು ಜಗಲಿಯಲ್ಲಿ ನಿಂತೇ ಶುರುಮಾಡಿದರು. ಬೇರೆ ಜಿಲ್ಲೆಗಳಿಂದ ಬಂದ ವರದಿಗಳೆಲ್ಲ ಎಣ್ಣೆ, ಆಮ್ಲ, ಸೀಸ, ಅಯ್ಯೋ ಎನ್ನುವಂಥವು. ನಮ್ಮ ಹೊಸ ಜಿಲ್ಲೆಯ ಒಂದೇ ಒಂದು ಕಾರ್ಖಾನೆಯ ನೆಲ ಮಾತ್ರ ಅಪ್ಪಟ. ಎರೆಹುಳು ಓಡಾಡಿದ ಗುರುತು, ಸೊಪ್ಪು ಗೊಬ್ಬರ, ಹಟ್ಟಿ ಗೊಬ್ಬರ, ಏನು ಬೇಕೋ ಅದೆಲ್ಲ. ಪರೀಕ್ಷೆ ಮಾಡಿದವರು ಇಂಥ ಮಣ್ಣು ಕೈಗೆ ಸಿಗುವುದೇ ಅಪರೂಪ ಎಂದು ಬರೆದಿದ್ದಾರೆ. ಮೇಲಿನವರು ಓದಿ, ಕಾರ್ಖಾನೆ ನಡೆಸಿದರೆ ವಯನಾಡಿನವರ ಹಾಗೆ ನಡೆಸಬೇಕು ಎಂದರಂತೆ. ಉಳಿದ ಹಣದಲ್ಲಿ ಅದೇ ನೆಲದಲ್ಲಿ ಮೆಣಸಿನ ಮಾದರಿ ತೋಟ ಮಾಡಲು ಅಪ್ಪಣೆಯಾಗಿದೆ.

ಪೈಪು, ಎಂದೆ ನಾನು. ಅವರು ಕರುಣೆಯಿಂದ ನನ್ನನ್ನು ನೋಡಿದರು. ಇಂಥ ಮಣ್ಣಿನ ಪಕ್ಕದ ಬಾವಿ ಹೇಗೆ ಕೆಡುತ್ತದೆ? ನಿಮಗೆ ಬರುವ ವಾಸನೆ ಹಳೆಯ ನೆನಪಿನದಿರಬೇಕು ಎಂದರು.

ನಾನು ಒಳಗೆ ಹೋದೆ. ಅತ್ತೆ ಬೆಲ್ಲ ಕುಟ್ಟುತ್ತಿದ್ದಳು. ಹೊರಗಿನ ಮಾತೆಲ್ಲ ಕೇಳಿಸಿಕೊಂಡು ಅವಳ ಮುಖ ಮದುವೆ ಮನೆಯ ಮುಖವಾಗಿತ್ತು.

"ಅತ್ತೆ, ಚೀಲಕ್ಕೆ ಮಣ್ಣ ಎಲ್ಲಿಂದ ತುಂಬಿದೆ?"

"ನಮ್ಮ ಮೆಣಸಿನ ಬಳ್ಳಿ ಬುಡದಿಂದ. ಇನ್ನೆಲ್ಲಿಂದ?"

"ಡಿಪೋದಿಂದ ತುಂಬಿ ಅಂದಿದ್ರಲ್ಲ ಅವ್ರು."

"ತುಂಬಿದ್ದೆ ಕಣವ್ವ. ಗಬ್ಬು ನಾತ. ಚೀಲದ ಮ್ಯಾಲೆ ನಮ್ಮ ಮನೆ ಹೆಸರದೆ. ಮನೆ ಹೆಸರಲ್ಲಿ ಅಂತಾ ಮಣ್ಣ ಎಂಗವ್ವ ಕಳಿಸದು? ಅಲ್ಲಿ ನಾಕು ಜನ ಬಿಚ್ಚಿ ನೋಡಲ್ವಾ?"

ಕೆಟ್ಟ ಮಣ್ಣನ್ನು ಸುರಿದು, ಚೀಲಗಳನ್ನು ಸೀಗೆಪುಡಿ ಹಾಕಿ ಒಗೆದು ಒಣಗಿಸಿದ್ದಳಂತೆ. ಮನೆ ಮುಂದಿನ ದೊಡ್ಡ ಬಳ್ಳಿಯ ಬುಡದಿಂದ, ಅವಳೂ ಮಾವನೂ ಮದುವೆಯಾದಾಗಿನಿಂದ ಸೊಪ್ಪು ಗೊಬ್ಬರ ಹಾಕಿ ಸಾಕಿದ ಆ ಕರಿ ಮಣ್ಣನ್ನು ಮೊರದಲ್ಲಿ ಕೇರಿ, ಕಲ್ಲು ಕಸ ಆರಿಸಿ, ನೆರಳಲ್ಲಿ ಒಣಗಿಸಿ ತುಂಬಿದ್ದಳಂತೆ. ಮಣ್ಣು ಕೆಟ್ಟಿದ್ದರೆ ಮಾತ್ರ ಪೈಪು ಕೊಡುತ್ತೇನೆ ಎಂದಿದ್ದರಲ್ಲ, ನಾನೇ ನಿನಗೆ ಕನ್ನಡದಲ್ಲಿ ಹೇಳಿದೆನಲ್ಲ ಎಂದು ಹಲ್ಲು ಕಚ್ಚಿಕೊಂಡು ಕೇಳಿದೆ.

"ಅವ್ರು ಬಾಯ್ತಪ್ಪಿ ಅಂಗಂದ್ರು ಅಂದ್ಕಂಡೆ," ಎಂದಳು ಅತ್ತೆ. "ಗೌರ್ಮೆಂಟು ಯಾವತ್ತಾದ್ರೂ ಕೆಟ್ಟಿದ್ದಕ್ಕೆ ಏನಾದ್ರೂ ಕೊಟ್ಟದಾ? ಒಳ್ಳೆ ಹಸುಗೆ ಬಹುಮಾನ ಕೊಟ್ರು, ಒಳ್ಳೆ ಭತ್ತಕ್ಕೆ ಕೊಟ್ರು. ಮಣ್ಣ ಚಂದಾಗಿದ್ರೆ ತಾನೆ ನೀರು ಕೊಡದು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಬಾಯಿ ನಿಲ್ಲುವುದಿಲ್ಲ, ಈಗಲೂ ನಿಲ್ಲುವುದಿಲ್ಲ. ಹೊರಗೆ ಬಂದು ಅಧಿಕಾರಿಗೆ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಬಳ್ಳಿಯ ಬುಡದಲ್ಲಿ ಅಗೆದ ಗುಂಡಿಯನ್ನೂ ತೋರಿಸಿದೆ. ಮಾವ ಅಲ್ಲೇ ಕಂಬಕ್ಕೆ ಒರಗಿ ಎಲೆ ಜಗಿಯುತ್ತಿದ್ದ. ಆರಿಸುವಾಗ ಮೊರ ಹಿಡಿದುಕೊಂಡವನು ನಾನೇ ಎಂದು ಶಾಂತವಾಗಿ ಒಪ್ಪಿಕೊಂಡ. ಅಧಿಕಾರಿ ಗುಂಡಿಯನ್ನು ನೋಡಿದರು, ಕೈಯಲ್ಲಿದ್ದ ಲಡ್ಡುವನ್ನು ನೋಡಿದರು, ಜಗಲಿಯ ಅಂಚಿನಲ್ಲಿ ಕೂತುಬಿಟ್ಟರು. ಮುಖ ಸುಣ್ಣವಾಗಿತ್ತು. ನನ್ನ ಹತ್ತಿರ ಮೆಲ್ಲಗೆ, ಇದನ್ನು ಇನ್ನು ಯಾರಿಗೂ ಹೇಳಬೇಡಿ ಎಂದರು. ವರದಿ ಮೇಲೆ ಹೋಗಿ ಹೊಗಳಿಕೆ ಕೆಳಗೆ ಬಂದಾಗಿದೆ. ಹೊಗಳಿಕೆ ಬರದಿದ್ದರೆ ಇನ್ನೊಂದು ಸಲ ಪರೀಕ್ಷೆ ಮಾಡಿಸಬಹುದಿತ್ತು. ಬಂದ ಹೊಗಳಿಕೆಯನ್ನು ವಾಪಸು ಕಳಿಸಲು ಸರ್ಕಾರದಲ್ಲಿ ದಾರಿ ಇಲ್ಲ.

ಕೆಟ್ಟ ಮನುಷ್ಯನಲ್ಲ ಅವರು. ಹೆದರಿದ ಮನುಷ್ಯ. ತಲೆ ಕೆರೆದುಕೊಂಡು ಅವರೇ ಒಂದು ದಾರಿ ಹುಡುಕಿದರು. ಮನುಷ್ಯರಿಗೆ ಪೈಪು ಎಳೆಸಲು ಈಗ ಆಗುವುದಿಲ್ಲ, ನಿಜ. ಆದರೆ ಮಾದರಿ ತೋಟದ ಮೆಣಸಿಗೆ ನೀರು ಬೇಕಲ್ಲ, ಅದಕ್ಕೆ ಪೈಪು ಬರುತ್ತದೆ. ನಲ್ಲಿಯನ್ನು ನಿಮ್ಮ ಬೇಲಿಯ ಕಡೆಗೇ ಇಡಿಸುತ್ತೇನೆ. ಬಳ್ಳಿಗೆ ಹಾಕಿ ಮಿಕ್ಕಿದ್ದು ನಿಮಗೆ. ತೋಟ ಇರುವವರೆಗೆ ನೀರು ಇರುತ್ತದೆ. ತೋಟ ಒಣಗಿದರೆ ನಲ್ಲಿಯನ್ನು ಕಿತ್ತುಕೊಂಡು ಹೋಗುತ್ತಾರೆ, ಅದು ಮಾತ್ರ ನನ್ನ ಕೈಯಲ್ಲಿಲ್ಲ.

ಇದನ್ನು ಅನುವಾದ ಮಾಡುವ ಮೊದಲೇ ಅತ್ತೆ ನನ್ನ ಕಡೆ ತಿರುಗಿ, ನೋಡು, ಒಳ್ಳೆ ಮಣ್ಣ ಕೊಟ್ಟಿದ್ದಕ್ಕೆ ನೀರು ಬಂತಾ ಇಲ್ವಾ ಎನ್ನುವ ಹಾಗೆ ಹುಬ್ಬು ಹಾರಿಸಿದಳು.

ಲಂಟಾನ ಕಡಿದರು. ಗುಂಡಿ ತೋಡಿ ಬಳ್ಳಿ ನೆಟ್ಟರು. ದೊಡ್ಡ ಬೋರ್ಡು ನಿಲ್ಲಿಸಿದರು. ನಲ್ಲಿ ಬಂದ ದಿನ ಮೊದಲು ಗಾಳಿ ಬಂತು, ಆಮೇಲೆ ತುಕ್ಕು ಬಂತು, ಆಮೇಲೆ ನೀರು. ಅತ್ತೆ ಅರಿಶಿನ ಕುಂಕುಮ ಹಚ್ಚಿ, ಹೊಸ ಲೋಟ ತೊಳೆದಿಟ್ಟು, ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆಯತೊಡಗಿದಳು. ಅಂಚೆಯವನನ್ನು ನಿಲ್ಲಿಸಿದಳು. ದನ ಹೊಡೆದುಕೊಂಡು ಹೋಗುವವರನ್ನು ನಿಲ್ಲಿಸಿದಳು. ಮೈಸೂರು ಬಸ್ಸು ಕೆಟ್ಟು ನಿಂತಾಗ ಕೊಡಪಾನ ಹಿಡಿದು ಓಡಿದಳು. ಬಸ್ಸಿನವರಿಗೆ ಊರ ಸುದ್ದಿ ಗೊತ್ತಿರಲಿಲ್ಲ, ಕುಡಿಯುತ್ತಿದ್ದರೇನೋ, ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಊರವರಂತೂ ನಲ್ಲಿಯನ್ನು ನೋಡಿದರು, ಅದರಿಂದ ನೀರು ಬೀಳುವುದನ್ನು ನೋಡಿದರು, ಚೆನ್ನಾಗಿದೆ ಎಂದು ಹೊಗಳಿದರು. ಆಮೇಲೆ ಈಗ ತಾನೆ ಕುಡಿದು ಬಂದೆ ಎಂದರು. ಅಷ್ಟು ವರ್ಷ ಹೇಳಿದ ಮಾತು ಬಾಯಿಗೆ ರೂಢಿಯಾಗಿತ್ತು, ಅದನ್ನು ಹೇಳದಿದ್ದರೆ ಆ ಮನೆಯಿಂದ ಏಳಲು ಅವರಿಗೆ ತಿಳಿಯುತ್ತಿರಲಿಲ್ಲ. ನನ್ನ ಅಪ್ಪ ಒಬ್ಬರು ಕುಡಿದರು, ತಂಗಿಯ ಮುಖ ನೋಡಲಾರದೆ. ಕಣ್ಣು ಮುಚ್ಚಿ, ಮೂಗು ಬಿಗಿಹಿಡಿದು, ಕಷಾಯ ಕುಡಿದ ಹಾಗೆ. ಅತ್ತೆ ಆ ಲೋಟವನ್ನು ಕೈಯಿಂದ ಇಸಿದುಕೊಂಡು ಒಳಗೆ ಹೋದಳು. ಕುಡಿಯದೆ ಇದ್ದಿದ್ದರೇ ವಾಸಿಯಿತ್ತು.

ಆದರೂ ಅವಳು ಕೈಬಿಡಲಿಲ್ಲ. ಇವತ್ತಲ್ಲ ನಾಳೆ ಕುಡಿಯುತ್ತಾರೆ ಎಂದಳು. ನಾಳೆಯವರೆಗೆ ನಲ್ಲಿ ಇರಬೇಕಲ್ಲ, ಅದೇ ಪ್ರಶ್ನೆ. ಏಕೆಂದರೆ ಬಳ್ಳಿಗಳು ಹಳದಿಯಾಗತೊಡಗಿದ್ದವು. ಎಣ್ಣೆ ಕುಡಿದ ಮಣ್ಣಿನಲ್ಲಿ ಅವು ಬೇರನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದವು, ಕೆಸರಲ್ಲಿ ಸೀರೆ ಎತ್ತಿ ನಡೆಯುವ ಹಾಗೆ. ಮುಂದಿನ ತಿಂಗಳು ತನಿಖೆಗೆ ಬರುತ್ತಾರೆ, ಏನಾದರೂ ಮಾಡಿ ಎಂದು ಅಧಿಕಾರಿ ಹೇಳಿ ಕಳಿಸಿದರು. ಏನು ಮಾಡಬೇಕೆಂದು ಹೇಳಲಿಲ್ಲ. ಅತ್ತೆಗೆ ಹೇಳಬೇಕಾಗಿಯೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಬುಟ್ಟಿ ಹೊತ್ತು ಬೇಲಿ ದಾಟುತ್ತಿದ್ದಳು. ಬುಟ್ಟಿಯಲ್ಲಿ ನಮ್ಮ ಬಳ್ಳಿಯ ಬುಡದ ಕರಿ ಮಣ್ಣು. ಸರ್ಕಾರದ ಒಂದೊಂದು ಗುಂಡಿಯನ್ನೂ ದೊಡ್ಡದಾಗಿ ಅಗೆದು, ಅಲ್ಲಿನ ನಾರುವ ಮಣ್ಣನ್ನು ತೆಗೆದು, ತಳಕ್ಕೆ ಚಪ್ಪಡಿ ಹಾಸಿ, ಮೇಲೆ ತನ್ನ ಮಣ್ಣು ತುಂಬಿ, ಬಳ್ಳಿಯನ್ನು ಮಗು ಎತ್ತಿ ಮಲಗಿಸಿದ ಹಾಗೆ ಮತ್ತೆ ನೆಡುತ್ತಿದ್ದಳು. ತೋಟಕ್ಕೆ ಸರ್ಕಾರ ಒಬ್ಬ ಕಾವಲಿನವನನ್ನು ಇಟ್ಟಿತ್ತು. ಕಾಡಿನ ಮಂದಿಯ ವಯಸ್ಸಾದ ಮನುಷ್ಯ, ಹಿಂದೆ ಇದೇ ಡಿಪೋದಲ್ಲಿ ಕಂಬ ಅದ್ದುತ್ತಿದ್ದವನು. ಒಳಗಿನದು ಹೊರಗೆ ಹೋಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಹೊರಗಿನದು ಒಳಗೆ ಬಂದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಭಾನುವಾರಗಳಲ್ಲಿ ಅವನು ರಸ್ತೆಯ ಕಡೆ ಮುಖ ಮಾಡಿ ಬೀಡಿ ಸೇದುತ್ತಿದ್ದ.

ನೋಡಿ ನೋಡಿ ನನಗೆ ಮೈ ಉರಿಯಿತು. ಸರ್ಕಾರದ ಸುಳ್ಳನ್ನು ನಿಜ ಮಾಡಲು ನೀನ್ಯಾಕೆ ಹೊರಬೇಕು ಎಂದು ಕೂಗಾಡಿದೆ.

"ಸುಳ್ಳ ಅವರದಲ್ಲ, ಚೀಲ ನಮ್ಮದು," ಎಂದಳು. "ಡಿಪೋ ಮಣ್ಣ ಇಂಗದೆ ಅಂತ ನಮ್ಮ ಮನೆ ಹೆಸರಲ್ಲಿ ಹೋಗದೆ. ಇನ್ನ ಅಂಗೇ ಇರಬೇಕು."

ಮಾವ ಕಂಬಕ್ಕೆ ಒರಗಿಕೊಂಡೇ, ಮದುವೆಗೆ ಇವಳ ತವರಿನಿಂದ ಬಂದದ್ದು ಒಂದೇ ಬುಟ್ಟಿ, ಸರ್ಕಾರಕ್ಕೆ ಹೋಗುವುದನ್ನು ನೋಡು ಎಂದ. ಹಾಗೆಂದು ಎಲೆ ಉಗುಳಿ, ಗುದ್ದಲಿ ತೆಗೆದುಕೊಂಡು ಅವಳ ಹಿಂದೆ ಹೋದ. ನಾನು ಬೈದುಕೊಳ್ಳುತ್ತಲೇ ಇನ್ನೊಂದು ಬುಟ್ಟಿ ಎತ್ತಿದೆ. ಆ ವರ್ಷವೆಲ್ಲ ನಮ್ಮ ಭಾನುವಾರಗಳು ಹೀಗೇ ಕಳೆದವು.

ಬಳ್ಳಿಗಳು ಚಿಗುರಿದವು. ತನಿಖೆಗೆ ಬಂದವರು ಮೂಗಿನ ಮೇಲೆ ಬೆರಳಿಟ್ಟರು. ನಮ್ಮ ಅಧಿಕಾರಿಗೆ ಬಡ್ತಿಯಾಯಿತು, ಸಮುದ್ರದ ಕಡೆಗೇ ವರ್ಗವಾಯಿತು. ಹೋಗುವ ಮೊದಲು ಅತ್ತೆಗೆ ಕೈ ಮುಗಿಯಲು ಬಂದರು, ನೀರು ಬೆಲ್ಲ ತಂದಾಗ ಬೆಲ್ಲ ತಿಂದರು. ಆಮೇಲೆ ಸರ್ಕಾರದವರು ಬೇರೆ ಊರುಗಳಿಂದ ರೈತರನ್ನು ಲಾರಿಯಲ್ಲಿ ಕರೆತಂದು ತೋರಿಸತೊಡಗಿದರು, ಕಾರ್ಖಾನೆ ನೆಲದಲ್ಲೂ ಹೇಗೆ ಚಿನ್ನ ಬೆಳೆಯಬಹುದು ಎಂದು. ಬಂದವರು ಬಗ್ಗಿ ಒಂದೊಂದು ಹಿಡಿ ಮಣ್ಣು ತೆಗೆದು, ಮೂಸಿ, ತಲೆದೂಗಿ, ಟವೆಲಿನ ತುದಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅತ್ತೆ ಬೇಲಿಯ ಈಚೆ ನಿಂತು ನೋಡುತ್ತಿದ್ದಳು. ಅವರು ಹೋದ ಮೇಲೆ ಹಿಡಿ ಹೋದ ಜಾಗಕ್ಕೆ ಮತ್ತೆ ಬುಟ್ಟಿ ಹೋಗುತ್ತಿತ್ತು.

ನನಗೆ ಮೀನಂಗಡಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ ನಾನು ಅಲ್ಲಿಗೆ ಹೋದೆ. ರಜೆಗೆ ಬಂದಾಗೆಲ್ಲ ಸರ್ಕಾರದ ತೋಟ ಹಸಿರಾಗುತ್ತಿತ್ತು, ಮನೆ ಮುಂದಿನ ದೊಡ್ಡ ಬಳ್ಳಿ ತೆಳುವಾಗುತ್ತಿತ್ತು. ಬುಡದ ಮಣ್ಣು ಇಳಿದು ಇಳಿದು ಬೇರುಗಳು ಮುದುಕರ ಕೈನರದಂತೆ ಹೊರಗೆ ಕಾಣುತ್ತಿದ್ದವು. ಆ ಬಳ್ಳಿ ಒಂದು ಕಾಲದಲ್ಲಿ ಆ ಮನೆಯನ್ನು ಸಾಕಿತ್ತು. ಅತ್ತೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳಿದರೆ, ಅದು ಬುಡು, ವಯಸ್ಸಾತು ಅದಕ್ಕೆ ಎನ್ನುತ್ತಿದ್ದಳು. ಮಂಡಿ ನೋವು ಬಂದು ಅವಳಿಗೆ ಇಳಿಜಾರು ಇಳಿದು ನೀರು ತರಲು ಆಗುತ್ತಲೇ ಇರಲಿಲ್ಲ. ನಲ್ಲಿ ಇಲ್ಲದಿದ್ದರೆ ಆ ಮನೆ ಇಲ್ಲ ಎನ್ನುವಂತಾಗಿತ್ತು. ಅದು ನನಗೂ ತಿಳಿಯುತ್ತಿತ್ತು.

ಒಂದು ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದಾಗ ಕೃಷಿಯವರ ಜೀಪು ಬಂತು. ಇಬ್ಬರು ಚಿಕ್ಕ ವಯಸ್ಸಿನವರು, ಒಬ್ಬ ಹುಡುಗಿ, ಒಬ್ಬ ಹುಡುಗ, ಇಬ್ಬರೂ ಕೆಲಸಕ್ಕೆ ಹೊಸಬರು, ಜಿಲ್ಲೆಗೂ ಹೊಸಬರು. ಸೊರಗಿದ ಮೆಣಸಿನ ತೋಟಗಳ ಮಣ್ಣು ಪರೀಕ್ಷೆ ಮಾಡಲು ಮತ್ತೇನೋ ಹಣ ಬಂದಿತ್ತಂತೆ. ಈ ಸಲದ ಹಣದಲ್ಲಿ ಅಗೆಯುವ ಆಳಿಗೂ ಜಾಗವಿತ್ತು. ಆಳು ನಮ್ಮ ದೊಡ್ಡ ಬಳ್ಳಿಯ ಬುಡವನ್ನು ಅಗೆದ. ಹುಡುಗಿ ಮಣ್ಣನ್ನು ಕೈಯಲ್ಲಿ ತಿಕ್ಕಿದಳು, ಯಾವುದೋ ನೀರಲ್ಲಿ ಕದಡಿ ಬಣ್ಣ ನೋಡಿದಳು, ಜೊತೆಯವನ ಮುಖ ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ, ನೋವಾಗದಂತೆ, ಅಮ್ಮಾ, ನಿಮ್ಮ ಮಣ್ಣಿನಲ್ಲಿ ಏನೂ ಸಾರವಿಲ್ಲ ಎಂದಳು. ಸರಿಯಾಗಿ ನೋಡಿಕೊಂಡಿಲ್ಲ ನೀವು. ಹೆದರಬೇಡಿ, ಪಕ್ಕದಲ್ಲೇ ಸರ್ಕಾರದ ಮಾದರಿ ತೋಟವಿದೆ, ಜಿಲ್ಲೆಯಲ್ಲೇ ಉತ್ತಮ ಮಣ್ಣು ಅದು. ಅಲ್ಲಿಂದ ಎರಡು ಬುಟ್ಟಿ ತಂದು ಬುಡಕ್ಕೆ ಹಾಕಿ, ಎಲ್ಲ ಸರಿಹೋಗುತ್ತದೆ. ಬೇಕಾದರೆ ನಾವೇ ಹೇಳಿ ಕೊಡಿಸುತ್ತೇವೆ.

ಬೇಲಿಯ ಆಚೆ ಕಾವಲಿನ ಮುದುಕ ಬೀಡಿಯನ್ನು ಬಾಯಿಂದ ತೆಗೆದು ರಸ್ತೆಯ ಕಡೆ ತಿರುಗಿಕೊಂಡ. ಮಾವ ಕೆಮ್ಮಿದ. ನನ್ನ ಬಾಯಿಗೆ ಬಂದ ಮಾತುಗಳು ಆ ಮಕ್ಕಳು ಕೇಳುವಂಥವಾಗಿರಲಿಲ್ಲ. ಸರಿಯಾಗಿ ನೋಡಿಕೊಂಡಿಲ್ಲವಂತೆ, ಅತ್ತೆ! ಅಳು ಬರುವ ಹಾಗಾಗಿ ನಾನು ಅವಳ ಕಡೆ ತಿರುಗಿದರೆ ಅವಳು ಅಲ್ಲಿರಲಿಲ್ಲ. ಆಗಲೇ ಒಳಗೆ ಹೋಗಿದ್ದಳು. ಮಂಡಿ ಹಿಡಿದುಕೊಂಡು, ಎರಡು ಲೋಟ ನೀರು, ಬೆಲ್ಲ ಹಿಡಿದು ಹೊರಗೆ ಬರುತ್ತಿದ್ದಳು.

ಬಿಸಿಲಿತ್ತು. ಹುಡುಗ ಲೋಟ ತೆಗೆದುಕೊಂಡು ಬೆಲ್ಲದ ಕಡೆ ನೋಡದೆ ಗಟಗಟ ಕುಡಿದುಬಿಟ್ಟ. ಹುಡುಗಿಯೂ ಕುಡಿದಳು, ತಲೆ ಹಿಂದಕ್ಕೆ ಹಾಕಿ, ತಳದವರೆಗೆ. ಕುಡಿದು, ತುಟಿ ಒರೆಸಿಕೊಂಡು, ಖಾಲಿ ಲೋಟವನ್ನು ಮುಂದೆ ಹಿಡಿದು ಕೇಳಿದಳು.

"ಇನ್ನೊಂದು ಲೋಟ ಕೊಡ್ತೀರಾ, ಅಮ್ಮಾ?"

ಮಲೆಯಾಳದಲ್ಲಿ ಕೇಳಿದ್ದು. ಅತ್ತೆ ಲೋಟವನ್ನು ಇಸಿದುಕೊಂಡಳು. ಆಮೇಲೆ ಕಚೇರಿಯವರೆದುರು ಜೀವಮಾನದಲ್ಲಿ ಮೊದಲ ಸಲ ಮಲೆಯಾಳದಲ್ಲೇ, ಎಷ್ಟು ಬೇಕಾದರೂ ಕುಡಿ ಮಗಳೇ ಎಂದು ಹೇಳಿ ಒಳಗೆ ಹೋದಳು. ಕೊಡಪಾನದಲ್ಲಿ ನೀರಿತ್ತು. ಆದರೂ ಅವಳು ಹಿಂದಿನ ಬಾಗಿಲಿನಿಂದ ಬೇಲಿಯ ಹತ್ತಿರ ಹೋಗಿ ನಲ್ಲಿ ತಿರುಗಿಸಿದ್ದು ನನಗೆ ಕೇಳಿಸಿತು. ನೀರು ಬೀಳುವ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು.